ಗೊರವರ ಸಾಲಿನಲ್ಲಿ ಬಂಟ

ಪೆದ್ದಹರಿವಾಣದ ಕುರಿಗಾರ ಹನುಮಣ್ಣನ ಮನೆಯಲ್ಲಿ ಅಂದು ಬೆಳಿಗ್ಗೆ ಬಹಳ ಗಂಭೀರವಾದ ವಿಚಾರಣೆಯೊಂದು ನಡೆದಿತ್ತು. ಲೋಕದಲ್ಲಿ ಆಗ ಮಹಾಯುದ್ಧ ನಡೆಯುತ್ತಿತ್ತು, ನಿಜ. ಜರ್ಮನಿಯವರು ಎಲ್ಲಿಯವರೆಗೆ ಬಂದರು, ಜಪಾನಿನವರು ಎಲ್ಲಿ ಬಾಂಬು ಹಾಕಿದರು ಎಂದು ದೊಡ್ಡವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಅದು ನಾಲ್ಕು ದಿನ ತಡವಾಗಿ ಇತ್ಯರ್ಥವಾದರೂ ಅಡ್ಡಿಯಿರಲಿಲ್ಲ. ಇದು ಹಾಗಲ್ಲ. ರಾತ್ರಿ ಬುಟ್ಟಿಯಲ್ಲಿ ಮುಚ್ಚಿಟ್ಟ ರೊಟ್ಟಿಗಳಲ್ಲಿ ಒಂದು ಕಾಣೆಯಾಗಿತ್ತು.

"ಇಲಿ ತಿಂದಿರಬೇಕವ್ವಾ" ಎಂದಳು ಮಗಳು ಹುಸೇನಮ್ಮ.

"ಇಲಿ ಬಂದು ಮುಚ್ಚಳ ತೆಗದು, ರೊಟ್ಟಿ ತೊಗೊಂಡು, ಮತ್ತ ಮುಚ್ಚಿ, ಮ್ಯಾಲ ಕಲ್ಲಿಟ್ಟು ಹೋತೇನು?" ಎಂದಳು ಅವ್ವ ಜಯಕ್ಕ. "ಭಾಳ ಸಾಲಿ ಕಲಿತ ಇಲಿ ಇರಬೇಕು."

"ಹಂಗಾದ್ರ ಬೆಕ್ಕು..."

"ಬೆಕ್ಕು ನಿನ್ನ ಮಗ್ಗಲದಾಗ ಮಲಗಿತ್ತು. ನಾ ನೋಡೀನಿ."

ಮೂಲೆಯಲ್ಲಿ ಕಂಬಳಿಗೆ ತೇಪೆ ಹಾಕುತ್ತಿದ್ದ ತಾತ ಪಕೀರಪ್ಪ ತಲೆ ಎತ್ತಲಿಲ್ಲ. "ನನ್ನ ಕಡೆ ನೋಡಬ್ಯಾಡ್ರವಾ. ನನಗ ಹಲ್ಲಿಲ್ಲ. ಒಣಾ ರೊಟ್ಟಿ ಕದ್ದು ಏನ್ ಮಾಡ್ಲಿ, ಬೀಸಣಗಿ ಮಾಡ್ಕೊಳ್ಳೇನು?"

ಅಷ್ಟರಲ್ಲಿ ಸಾಕ್ಷಿಯೇ ನಡೆದು ಬಂತು. ಅದು ಮನೆಯ ನಾಯಿ ಬಂಟ. ಮೂರು ಕಾಲಲ್ಲಿ ಕುಪ್ಪಳಿಸುತ್ತ ಹೊಸ್ತಿಲ ಹತ್ತಿರ ಬಂದು, ಬಾಯಿ ನೆಕ್ಕಿಕೊಂಡು, ಹುಸೇನಮ್ಮನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅದರ ಮೀಸೆಯಲ್ಲಿ ರೊಟ್ಟಿಯ ಚೂರೊಂದು ಅಂಟಿಕೊಂಡಿತ್ತು.

ವಿಚಾರಣೆ ಅಲ್ಲಿಗೆ ಮುಗಿಯಿತು. ಹೇಳುವುದಕ್ಕೆ ಏನು ಉಳಿದಿತ್ತು?

ಹುಸೇನಮ್ಮನಿಗೆ ಪ್ರಾಣಿಗಳ ಮೇಲೆ ಜೀವಮಾನವಿಡೀ ಪ್ರೀತಿ. ಅವಳ ಜೀವಮಾನ ಆಗ ಹತ್ತು ವರ್ಷದ್ದು. ಪೀರಲ ಹಬ್ಬದ, ಅಂದರೆ ಮೊಹರಮ್ಮಿನ, ದಿನ ಹುಟ್ಟಿದವಳೆಂದು ಅವಳಿಗೆ ಆ ಹೆಸರಿಟ್ಟಿದ್ದರು. ನಡೆಯಲು ಕಲಿತ ದಿನವೇ ಅವಳು ಕುರಿಮರಿಯ ಹಿಂದೆ ಹೋಗಿ ಕಳೆದುಹೋಗಿದ್ದಳಂತೆ. ಆಮೇಲೆ ರೆಕ್ಕೆ ಮುರಿದ ಕಾಗೆ, ತಾಯಿ ಒಲ್ಲೆನೆಂದ ಮರಿ, ಬಾವಿಗೆ ಬಿದ್ದ ಬೆಕ್ಕು, ಹೀಗೆ ಒಂದಲ್ಲ ಒಂದು ಜೀವ ಅವಳ ಹಿಂದೆಯೇ ಮನೆಗೆ ಬರುತ್ತಿತ್ತು. ಕಾಗೆ ವಾಸಿಯಾಗಿ ಹಾರಿಹೋಯಿತು. ಹೋಗುವಾಗ ಅವ್ವನ ಬೆಳ್ಳಿ ಮೂಗುಬೊಟ್ಟನ್ನೂ ತೆಗೆದುಕೊಂಡು ಹೋಯಿತು. ಆ ಮಾತು ಬೇರೆ.

ಬಂಟ ಮಾತ್ರ ಹೊರಗಿನಿಂದ ಬಂದದ್ದಲ್ಲ. ಅಪ್ಪನ ಕುರಿಹಿಂಡಿನ ನಾಯಿ. ತೋಳ ಬಂದರೂ ಹಿಂದೆಗೆಯದ ನಾಯಿ. ಅಂಥದ್ದು ಹತ್ತಿ ತುಂಬಿದ ಲಾರಿಯೊಂದಕ್ಕೆ ಸಿಕ್ಕಿ ಹಿಂಗಾಲು ಮುರಿದುಕೊಂಡಿತ್ತು. ಪೆಟ್ರೋಲು ಸಿಗದ ಕಾಲ. ಲಾರಿ ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಸುಮ್ಮನೆ ಮಾತಿಗೆ. ಏರು ಬಂದರೆ ಜನ ಇಳಿದು ನೂಕುತ್ತಿದ್ದರು. ಅಂಥ ಲಾರಿಗೆ ಸಿಕ್ಕಿಕೊಳ್ಳಬೇಕಾದರೆ ನಾಯಿಗೆ ಬಹಳ ವಯಸ್ಸಾಗಿರಬೇಕು. ಬಂಟನಿಗೆ ಆಗಿತ್ತು.

ಬೇಸಿಗೆಯಾದ್ದರಿಂದ ಅಪ್ಪ ಹಿಂಡನ್ನು ಹೊಡೆದುಕೊಂಡು ನಾಗಲದಿನ್ನೆಯ ಹೊಳೆದಂಡೆಗೆ ಹೋಗಿದ್ದ. ಕುರಿಗಾರರಲ್ಲಿ ಒಂದು ಕಟ್ಟು ಇದೆ. ಹಿಂಡಿನ ಜೊತೆ ನಡೆದ ನಾಯಿಗೆ ಮನುಷ್ಯರಷ್ಟೇ ಮುದ್ದೆ. ನಡೆಯಲಾರದ ನಾಯಿಗೆ ಪಾಲಿಲ್ಲ. ಹೊರಡುವಾಗ ಅಪ್ಪ ಬಂಟನ ತಲೆ ಸವರಿದ್ದ. ಪಾಲಿನ ಮಾತು ಎತ್ತಿರಲಿಲ್ಲ.

ಹಿಂಡು ಹೋದ ಮೇಲೆ ಮನೆಯ ಹಿಂದಿನ ದೊಡ್ಡಿ ಖಾಲಿಯಾಯಿತು. ಸುತ್ತ ಜಾಲಿಮುಳ್ಳಿನ ಬೇಲಿ, ನಡುವೆ ಬೇವಿನ ಮರ. ಬಂಟ ಅಲ್ಲಿ ಮಲಗಿತು. ಒಂದು ವಾರದಲ್ಲಿ ಒಂದೇ ಕಣ್ಣಿನ ಹೆಣ್ಣುನಾಯಿಯೊಂದು ಬಂದು ಸೇರಿತು. ಹುಸೇನಮ್ಮ ಅದಕ್ಕೆ ಒಕ್ಕಣ್ಣಿ ಎಂದು ಹೆಸರಿಟ್ಟಳು. ಬಾವಿಯ ಬೆಕ್ಕು ಮೊದಲೇ ಇತ್ತು.

"ನೋಡವಾ" ಎಂದಳು ಜಯಕ್ಕ, ಈಗ ಜೋರು ಮಾಡದೆ. "ಜ್ವಾಳ ತರಾಕ ರೇಷನ್ ಅಂಗಡಿ ಮುಂದ ಬಿಸಲಾಗ ನಿಂತು ಬರಾಕಿ ನಾನು. ಮನಿಷ್ಯಾರ ಹೊಟ್ಟಿಗೇ ಸಾಲವಲ್ದು. ಸೋಮವಾರ ಚಿನ್ನಪ್ಪನ ಬಂಡಿ ಹತ್ತಿ ಹಾಕ್ಕೊಂಡು ಆದೋನಿಗೆ ಹೋಗತೈತಿ. ಬಂಟನ್ನ ಅದರಾಗ ಕಳಿಸ್ತೀನಿ. ಬಜಾರದಾಗ ಬಿಟ್ರ ಏನರ ತಿಂದು ಬದುಕತೈತಿ."

"ಅಲ್ಲಿ ಅದಕ್ಕ ಯಾರದಾರವ್ವಾ?"

"ಇಲ್ಲಿ ಯಾರದಾರ?"

"ನಾ ಅದೀನಿ" ಎಂದಳು ಹುಸೇನಮ್ಮ.

ಅವ್ವ ಬುಟ್ಟಿಯ ಮೇಲೆ ಇನ್ನೂ ದೊಡ್ಡ ಕಲ್ಲಿಟ್ಟಳು.

ಆ ದಿನ ಸ್ಕೂಲಿನಲ್ಲಿ ಭೀಮಲಿಂಗಪ್ಪ ಮೇಷ್ಟ್ರು ಆದೋನಿಯ ಪಾಠ ಹೇಳುತ್ತಿದ್ದರು. ಆದೋನಿಯಲ್ಲಿ ಏನೇನು ಇವೆ? ಹತ್ತಿಯ ಮಿಲ್ಲು, ರೈಲ್ವೆ ಸ್ಟೇಷನ್ನು, ಬೆಟ್ಟದ ಮೇಲೆ ಕೋಟೆ, ಆಸ್ಪತ್ರೆ, ಸತ್ರ.

"ಸತ್ರ ಅಂದ್ರ ಏನ್ರಿ ಸಾರ್?" ಎಂದು ಹುಸೇನಮ್ಮ ಎದ್ದು ನಿಂತಳು.

"ದಿಕ್ಕಿಲ್ಲದವರಿಗೆ ಮಲಗೋಕೆ ಜಾಗ, ಉಣ್ಣೋಕೆ ಅನ್ನ ಕೊಡೋ ಮನೆ."

"ಅನ್ನ ಎಲ್ಲಿಂದ ಬರ್ತೈತ್ರಿ?"

"ಧರ್ಮವಂತರು ಕೊಡ್ತಾರೆ."

"ನಾಯಿಗೂ ಕೊಡ್ತಾರೇನ್ರಿ?"

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರಿಗೂ ಸ್ವಲ್ಪ ನಗು ಬಂತು. ಅದನ್ನು ಮುಚ್ಚಿಕೊಳ್ಳಲು ಅವರು ಬೋರ್ಡು ಒರೆಸಿದರು.

ಸ್ಕೂಲು ಬಿಟ್ಟ ಮೇಲೆ ಬಾವಿಕಟ್ಟೆಯ ಹತ್ತಿರ ಹುಸೇನಮ್ಮನನ್ನು ಶೇಷಮ್ಮ ಹಿಡಿದುಕೊಂಡಳು. ಅವಳು ಯಂಕಣ್ಣನ ಮಗಳು. ಯಂಕಣ್ಣ ಎಂದರೆ ಊರಲ್ಲಿ ಎರಡು ಜೊತೆ ಎತ್ತು, ಮೂರು ಎಮ್ಮೆ ಇದ್ದವನು. ಆದ್ದರಿಂದ ಶೇಷಮ್ಮ ಯಾರನ್ನು ಬೇಕಾದರೂ ಅಣಕಿಸಬಹುದಿತ್ತು.

"ಏನಲೇ ನಾಯಿ ಸಾಹುಕಾರ್ತಿ, ಸತ್ರ ಯಾವಾಗ ಓಪನ್ನು?"

"ಜಾಗ ಐತಿ. ಅನ್ನ ಇಲ್ಲ" ಎಂದಳು ಹುಸೇನಮ್ಮ. ಅಣಕ ಅವಳಿಗೆ ತಾಕಿರಲಿಲ್ಲ. ಅವಳು ಲೆಕ್ಕಾಚಾರದಲ್ಲಿದ್ದಳು.

"ಆದಿತ್ಯವಾರ ನಮ್ಮನ್ಯಾಗ ದೋಣಿಸೇವಾ ಐತಿ, ಗೊತ್ತೇನು? ನಮ್ಮ ತಮ್ಮಗ ಜರ ಬಿಡ್ಲಿ ಅಂತ ನಮ್ಮಪ್ಪ ಹರಕಿ ಹೊತ್ತಿದ್ದ. ಬಿಡ್ತು. ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ. ಎಲ್ಲ ದೋಣಿ ತುಂಬ್ತಾರ."

"ಯಾರಿಗೆ?"

"ಯಾರಿಗೇನು? ಮಲ್ಲಯ್ಯನ ನಾಯಿಗಳಿಗೆ!"

ಹುಸೇನಮ್ಮ ನಿಂತುಬಿಟ್ಟಳು.

ಅವಳಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಅವಳ ತಾತನೇ ಗೊರವ. ಕರಿಕಂಬಳಿಯ ನಿಲುವಂಗಿ ತೊಟ್ಟು, ಕರಡಿತೊಗಲಿನ ಟೊಪ್ಪಿಗೆ ಇಟ್ಟು, ಡಮರುಗ ಬಾರಿಸುತ್ತ ಮನೆಮನೆಗೆ ಹೋಗುವ ಗೊರವ. ಮಲ್ಲಯ್ಯ ದೇವರು, ಗೊರವರು ಅವನ ಬಾಗಿಲು ಕಾಯುವ ನಾಯಿಗಳು. ಹರಕೆ ಹೊತ್ತವರು ಗೊರವರನ್ನು ಕರೆಸಿ ಸಾಲಾಗಿ ಕೂರಿಸುತ್ತಾರೆ. ಒಬ್ಬೊಬ್ಬರ ಮುಂದೆಯೂ ದೋಣಿ, ಅಂದರೆ ಮರದ ಬಟ್ಟಲು. ಅದನ್ನು ತುಂಬಿದ ಮೇಲೆ ಗೊರವರು ಬೊಗಳುತ್ತ, ಗುರುಗುಡುತ್ತ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನಬೇಕು. ದೋಣಿ ಖಾಲಿಯಾಗುವ ತನಕ ಮನುಷ್ಯರ ಮಾತು ಆಡಬಾರದು. ಹಣೆಗೆ ಭಂಡಾರ ಹಚ್ಚಿಕೊಂಡು ಸಾಲಿನಲ್ಲಿ ಕೂತವರ ಮೇಲೆ ಬೇರೆ ಯಾರೂ ಕೈ ಮಾಡಬಾರದು. ಭಂಡಾರವೆಂದರೆ ದೇವರ ಅರಿಸಿನಪುಡಿ.

ಇದನ್ನೆಲ್ಲ ಹುಸೇನಮ್ಮ ಚಿಕ್ಕಂದಿನಿಂದ ನೋಡಿದ್ದಳು. ಆದರೆ ಯೋಚಿಸಿ ನೋಡಿದ್ದು ಇದೇ ಮೊದಲು. ನಾಯಿಯ ಹಾಗೆ ಬೊಗಳುವ ತಾತನಿಗೆ ದೋಣಿ ತುಂಬ ಹಾಲು ತುಪ್ಪ. ನಾಯಿಯೇ ಆಗಿರುವ ಬಂಟನಿಗೆ ಆದೋನಿಯ ಬಜಾರು. ಎಲ್ಲೋ ಯಾರೋ ಸರಿಯಾಗಿ ವಿಚಾರ ಮಾಡಿಲ್ಲ ಎಂದು ಅವಳಿಗೆ ಅನ್ನಿಸಿತು.

ಆದಿತ್ಯವಾರ ಯಂಕಣ್ಣನ ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಕಂಬಳಿ ಹಾಸಿತ್ತು. ಗೊರವರು ಬೆಳಗಿನಿಂದ ಉಪವಾಸವಿದ್ದು ಸಾಲಾಗಿ ಮಂಡಿಯೂರಿ ಕೂತಿದ್ದರು. ತುದಿಯಲ್ಲಿ ಪಕೀರಪ್ಪ ತಾತ. ಅವನ ಪಕ್ಕದಲ್ಲಿ ಗೊರವರಲ್ಲೆಲ್ಲ ಹಿರಿಯನಾದ ಮಾರೆಪ್ಪ. ಮಾರೆಪ್ಪನಿಗೆ ಮಲ್ಲಯ್ಯನ ಕಟ್ಟಳೆಗಳೆಲ್ಲ ಬಾಯಿಪಾಠ. ಅವುಗಳಲ್ಲಿ ಕೆಲವು ಮಲ್ಲಯ್ಯನಿಗೂ ಮರೆತಿರಬಹುದು.

ಯಂಕಣ್ಣನ ಹೆಂಡತಿ ಶಾಂತಕ್ಕ ದೋಣಿಗಳನ್ನು ತುಂಬುತ್ತ ಬಂದಳು. ಅವಳು ಎಮ್ಮಿಗನೂರಿನ ಕಡೆಯವಳು. ಕೋಪ ಬಂದರೆ ತೆಲುಗು, ಕೋಪ ಇಳಿದರೆ ಕನ್ನಡ. ಮನೆಯವರು ಅವಳ ಮಾತು ಕೇಳಿಯೇ ಅಂದಿನ ಹವಾಮಾನ ತಿಳಿದುಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಅವಳು ಕನ್ನಡದಲ್ಲಿದ್ದಳು.

"ಏಳುಕೋಟಿಗೋ!" ಎಂದು ಎಲ್ಲರೂ ಮಲ್ಲಯ್ಯನಿಗೆ ಜಯಕಾರ ಕೂಗಿ ಕಣ್ಣು ಮುಚ್ಚಿ ಕೈ ಮುಗಿದರು.

ಕಣ್ಣು ತೆರೆದಾಗ ಸಾಲಿನಲ್ಲಿ ಒಬ್ಬರು ಹೆಚ್ಚಾಗಿದ್ದರು.

ತಾತನಿಗೂ ಮಾರೆಪ್ಪನಿಗೂ ನಡುವೆ ಬಂಟ ಕೂತಿತ್ತು. ಹಣೆಯ ಮೇಲೆ ಅಚ್ಚುಕಟ್ಟಾಗಿ ಭಂಡಾರ. ಮುರಿದ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು, ಕಿವಿ ನಿಗುರಿಸಿ, ಬಹಳ ಮರ್ಯಾದೆಯಿಂದ ಕೂತಿತ್ತು. ಹಿಂದೆ ಕಂಬದ ಮರೆಯಲ್ಲಿ ಹುಸೇನಮ್ಮನ ಲಂಗದ ತುದಿ ಕಾಣಿಸುತ್ತಿತ್ತು.

ಬಂಟನಿಗೆ ಉಳಿದ ವಿಧಿಗಳು ತಿಳಿದಿರಲಿಲ್ಲ. ಅದು ತಾತನ ದೋಣಿಗೆ ಬಾಯಿ ಹಾಕಿತು.

"ಅಯ್ಯಯ್ಯೋ, ಇದೇಂ ಕರ್ಮಮೇ ತಲ್ಲೀ!" ಎಂದು ಶಾಂತಕ್ಕ ಕೂಗಿದಳು. ಹವಾಮಾನ ಬದಲಾಗಿತ್ತು.

"ಎಬ್ಬಿಸ್ರಿ! ಆ ನಾಯಿನ ಎಬ್ಬಿಸ್ರಿ ಮೊದ್ಲು!" ಎಂದ ಯಂಕಣ್ಣ.

ಬಂಡಿಯ ಚಿನ್ನಪ್ಪ ಕೋಲು ಹಿಡಿದು ಮುಂದೆ ಬಂದವನು ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿ ನಿಂತುಕೊಂಡ. "ಯಾವ್ ನಾಯಿನ್ರಿ?" ಎಂದು ಕೇಳಿದ. ಅವನು ತಮಾಷೆಗೆ ಕೇಳಿದ್ದಲ್ಲ.

ಯಾರೋ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ಮಾರೆಪ್ಪನ ಮುಖ ಕೆಂಪಗಾಯಿತು. ಆದರೆ ಮಾತಾಡುವಂತಿಲ್ಲ. ಅವನು ಕಟ್ಟಳೆಯ ಪ್ರಕಾರ ಜೋರಾಗಿ ಬೊಗಳಿದ. ಬಂಟ ತಲೆ ಎತ್ತಿ ಅವನನ್ನು ನೋಡಿತು. ಇವನದು ಹೊಸ ಗೊಣಗಾಟವೇನಲ್ಲ ಎನ್ನುವಂತೆ ಮತ್ತೆ ದೋಣಿಗೆ ಬಾಯಿ ಹಾಕಿತು. ಚಿನ್ನಪ್ಪ ಕೋಲು ಎತ್ತಿದ. ಬಂಟನ ಹಣೆಯ ಭಂಡಾರ ನೋಡಿ ಇಳಿಸಿದ.

ಈಗ ಎಲ್ಲರೂ ಪಕೀರಪ್ಪನನ್ನು ನೋಡಿದರು. ಅವನ ದೋಣಿ. ಅವನ ಮೊಮ್ಮಗಳು.

ಕಂಬದ ಹಿಂದೆ ಹುಸೇನಮ್ಮ ಲಂಗದ ತುದಿಯನ್ನು ಒಳಗೆಳೆದುಕೊಂಡಳು. ಅವಳು ಅಂದುಕೊಂಡದ್ದು ಬೇರೆ. ಸಾಲಿನಲ್ಲಿ ಕೂತರೆ ಬಂಟನಿಗೂ ಒಂದು ದೋಣಿ ಇಡುತ್ತಾರೆ ಎಂದುಕೊಂಡಿದ್ದಳು. ಕೂತವರಿಗೆ ಎಲೆ ಹಾಕುವುದಿಲ್ಲವೇ, ಹಾಗೆ.

ತಾತ ಒಮ್ಮೆ ಗುರುಗುಟ್ಟಿದ. ಅದು ಸೇವೆಯಲ್ಲಿ ಮಾಡಲೇಬೇಕಾದದ್ದು. ಆಮೇಲೆ ಮೆಲ್ಲಗೆ ಬಗ್ಗಿ, ಮೂಗಿನಿಂದ ದೋಣಿಯನ್ನು ಬಂಟನ ಕಡೆಗೆ ನೂಕಿದ. ಮಂಡಿಯ ಮೇಲೆಯೇ ಒಂದು ಗೇಣು ಹಿಂದೆ ಸರಿದು ಕೂತ.

ಬಂಟ ದೋಣಿಯ ತಳ ಹೊಳೆಯುವ ಹಾಗೆ ನೆಕ್ಕಿತು.

ಕೊನೆಯ ದೋಣಿ ಖಾಲಿಯಾದದ್ದೇ ತಡ, ಎಲ್ಲರಿಗೂ ಒಟ್ಟಿಗೆ ಮಾತು ಬಂತು.

"ಪಕೀರಪ್ಪಾ, ನಿನ್ನ ಮಮ್ಮಗಳು ಸೇವಾ ಕೆಡಿಸ್ಯಾಳ!" ಎಂದ ಮಾರೆಪ್ಪ.

"ನನ್ನ ಹರಕಿ ಮುಟ್ಟಿತೋ ಇಲ್ಲೋ, ಅದನ್ನ ಹೇಳ್ರಿ ಮೊದ್ಲು" ಎಂದ ಯಂಕಣ್ಣ. ಬಾಗಿಲ ಹತ್ತಿರ ಅವನ ಸಣ್ಣ ಮಗ ಕಂಬಳಿ ಹೊದ್ದು ಕೂತಿದ್ದ. ಜ್ವರ ಬಿಟ್ಟಿದ್ದರೂ ಕುತ್ತಿಗೆ ಇನ್ನೂ ಕಡ್ಡಿಯಂತಿತ್ತು.

"ದೋಣಿ ಖಾಲಿ ಆಗೈತಿ, ಮುಟ್ಟೈತಿ" ಎಂದ ತಾತ.

"ತಿಂದದ್ದು ನಾಯಿ!"

"ಮತ್ತ ಕುದರಿ ತಿನ್ನಬೇಕಿತ್ತೇನು?"

ಮಾರೆಪ್ಪ ಸೋಲಲಿಲ್ಲ. ಕಟ್ಟಳೆ ಕಟ್ಟಳೆಯೇ. ಯಾವ ಗೊರವನ ಮುಂದೆ ದೋಣಿ ತುಂಬಿದರೋ ಅವನೇ ತಿನ್ನಬೇಕು. ಬರುವ ಆದಿತ್ಯವಾರ ಪಕೀರಪ್ಪ ಒಬ್ಬನೇ ಮತ್ತೆ ಉಪವಾಸವಿದ್ದು ಬಂದು ಸೇವೆ ಮಾಡಿಕೊಡಬೇಕು. ತಾತ ಆಗಲೆಂದು ತಲೆಯಾಡಿಸಿ, ದೋಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಹಿಂದೆ ಬಂಟ. ಅದರ ಹಿಂದೆ ಸಾಕಷ್ಟು ದೂರದಲ್ಲಿ ಹುಸೇನಮ್ಮ.

ಮನೆಗೆ ಬಂದು ತಾತ ಒಂದು ತಂಬಿಗೆ ನೀರು ಕುಡಿದು ಬೇವಿನ ನೆರಳಲ್ಲಿ ಕೂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಸೇನಮ್ಮ ತನ್ನ ಪಾಲಿನ ರೊಟ್ಟಿಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ತಂದು ಮುಂದಿಟ್ಟಳು.

"ಒಲ್ಲೆ. ಸೇವಾ ದಿನ ದೋಣಿಯಾಗಿಂದು ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ಲ. ನಾಳಿ ಜಳಕ ಆದ ಮ್ಯಾಲೇ" ಎಂದ ತಾತ.

ಹುಸೇನಮ್ಮ ತಾಟನ್ನು ಪಕ್ಕಕ್ಕೆ ಸರಿಸಿದಳು.

"ಹಸಿವಿ ಆಗೈತೇನು ತಾತ?"

"ಆಗೈತಿ" ಎಂದ ತಾತ. "ನಾಯಿ ಆಗೂದು ಹಗುರ ಕೆಲ್ಸ ಅಂದ್ಕೊಂಡಿದ್ದೇನು?"

ಅವಳು ಪಕ್ಕದಲ್ಲಿ ಕೂತಳು. ಬಂಟ ಹೊಟ್ಟೆ ತುಂಬಿದ ಸುಖದಲ್ಲಿ ಬಿಸಿಲಿಗೆ ಮಲಗಿ ಕನಸು ಕಾಣುತ್ತಿತ್ತು. ಮೂರು ಕಾಲೂ ಕನಸಿನಲ್ಲಿ ಓಡುತ್ತಿದ್ದವು. ಒಳಗೆ ಅವ್ವ ಒಲೆಯ ಮುಂದೆ ಕೂತಿದ್ದಳು. ತೆರೆದ ಬಾಗಿಲಿಂದ ಹುಸೇನಮ್ಮನಿಗೆ ಕಾಣುತ್ತಿತ್ತು. ಅವ್ವ ಗಡಿಗೆಯ ತಳಕ್ಕೆ ಅಂಟಿದ್ದ ಅಂಬಲಿಗೆ ನೀರು ಹಾಕಿ ಅಲುಗಿಸಿದಳು. ಅದನ್ನೇ ಕುಡಿದಳು. ಬುಟ್ಟಿಯ ಕಡೆ ಕೈ ಹೋಗಲಿಲ್ಲ. ಈ ಅಂಬಲಿ ಇವತ್ತೊಂದೇ ದಿನವೋ, ದಿನವೂ ಹೀಗೆಯೋ? ಹುಸೇನಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವಳು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಅವಳು ತಾತನ ಕಡೆ ತಿರುಗಿ ಕೇಳಿದಳು: "ತಾತ, ನೀ ಮನಿಮನಿಗೆ ಹೋಗಿ ಹೆಂಗ ಕೇಳ್ತಿ?"

"ಡಮರುಗ ಬಾರಸ್ತೀನಿ. ನಿಂದರ್ತೀನಿ. ಕೇಳ್ತೀನಿ."

"ನಾಚಿಕಿ ಆಗೂದಿಲ್ಲೇನು?"

ತಾತ ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಬೋಳುತಲೆಯ ಮೇಲೆ ಟೊಪ್ಪಿಗೆಯ ಗುರುತು ಬಿದ್ದಿತ್ತು. "ಆಗತೈತಿ. ಮೀಸಿ ಬರೋದಕ್ಕಿಂತ ಮೊದ್ಲು ದೀಕ್ಷಾ ತೊಗೊಂಡಾವ ನಾನು. ಮೊದಲ್ನೇ ಬಾಗಲದಾಗ ನಿಂತಾಗ ಇವತ್ತಿಗೂ ಆಗತೈತಿ. ಎರಡನೇ ಮನಿಗೆ ಸ್ವಲ್ಪ ಕಮ್ಮಿ ಆಗತೈತಿ."

ಸೋಮವಾರ ಬೆಳಗಾದ ಕೂಡಲೇ ಹುಸೇನಮ್ಮ ಒಂದು ಮಣ್ಣಿನ ಗಡಿಗೆ ಹಿಡಿದು ಹೊರಟಳು. ತಾತನ ಜೋಳಿಗೆಯನ್ನೂ ದೋಣಿಯನ್ನೂ ಅವಳು ಮುಟ್ಟಲಿಲ್ಲ. ಚಿನ್ನಪ್ಪ ಬಂಡಿಗೆ ಹತ್ತಿ ತುಂಬುತ್ತಿದ್ದ. ಹೊತ್ತು ಏರುವ ಮೊದಲು ಹೊರಡುತ್ತಾನೆ.

ಯಾವ ಮನೆಗೆ ಮೊದಲು ಹೋಗುವುದೆಂದು ಅವಳು ಬಹಳ ಯೋಚಿಸಿದ್ದಳು. ಯಂಕಣ್ಣನ ಮನೆಗೆ ಕೊನೆಗೆ ಹೋಗೋಣವೆಂದರೆ, ಅದನ್ನೇ ನೆನೆದು ಉಳಿದ ಮನೆಗಳಲ್ಲೂ ಬಾಯಿ ಬರುವುದಿಲ್ಲ. ಅದಕ್ಕೇ ಅಲ್ಲಿಗೇ ಮೊದಲು ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಬಾಗಿಲಿಗೆ ಬಂದಾಗ ಒಂದು ಅಕ್ಷರವೂ ಉಳಿಯಲಿಲ್ಲ.

"ಅವ್ವಾ, ಸತ್ರದಾಕಿ ಬಂದಾಳ!" ಒಳಗಿನಿಂದ ಶೇಷಮ್ಮನ ದನಿ.

ಶಾಂತಕ್ಕ ಹೊರಗೆ ಬಂದಳು. ಸೊಂಟದ ಮೇಲೆ ಕೈ. "ಏಮೇ ಪಿಲ್ಲಾ, ಮಳ್ಳೀ ಎಂದುಕೊಚ್ಚಿನಾವ್?" ಮತ್ತೆ ಯಾಕೆ ಬಂದೆ ಎಂದು ತೆಲುಗಿನಲ್ಲಿ ಕೇಳಿದಳು ಎಂದ ಮೇಲೆ ಪರಿಸ್ಥಿತಿ ಏನೆಂದು ಬೇರೆ ಹೇಳಬೇಕಿಲ್ಲ.

ಹುಸೇನಮ್ಮನಿಗೆ ಓಡಿಹೋಗೋಣ ಎನ್ನಿಸಿತು. ದೂರದಲ್ಲಿ ಚಿನ್ನಪ್ಪ ಬಂಡಿಗೆ ಹಗ್ಗ ಬಿಗಿಯುತ್ತ "ಹೋ, ಹೋ" ಎನ್ನುತ್ತಿದ್ದದ್ದು ಕೇಳಿಸಿತು.

"ಅಮ್ಮಾ" ಎಂದಳು. ದನಿ ಸಣ್ಣದಾಗಿ ಬಂತು. "ನಿನ್ನೆ ನಾನ ತಪ್ಪು ಮಾಡೀನ್ರಿ. ತಾತಂದೇನೂ ಇಲ್ರಿ. ನಮ್ಮ ದೊಡ್ಡ್ಯಾಗ ಎರಡು ನಾಯಿ, ಒಂದು ಬೆಕ್ಕು ಅದಾವ್ರಿ. ಅವಕ್ಕ ದುಡಿಯಾಕ ಬರೂದಿಲ್ಲ. ನಿಮ್ಮನ್ಯಾಗ ಉಳದದ್ದು, ಹಳಸಿದ್ದು ಏನಾರ ಇದ್ರ ನೀಡ್ರಿ. ದಿನಾ ನಾನ ಬಂದು ಒಯ್ತೀನಿ."

ಅಷ್ಟರಲ್ಲಿ ಯಂಕಣ್ಣ ಹಲ್ಲುಜ್ಜುತ್ತ ಬಂದು ನಿಂತ. ಬಾಯಲ್ಲಿ ಬೇವಿನ ಕಡ್ಡಿ.

"ಬರೂ ಆದಿತ್ಯವಾರ ಮತ್ತ ಸೇವಾ ಐತಿ" ಎಂದ. "ಆ ನಾಯಿ ಅವತ್ತು ಬರೂದಿಲ್ಲ ಅಂತ ಏನ್ ಗ್ಯಾರಂಟಿ?"

ಹುಸೇನಮ್ಮ ಪ್ರಾಮಾಣಿಕವಾಗಿ ಯೋಚಿಸಿದಳು. "ಹೊಟ್ಟಿ ತುಂಬಿದ್ರ ಬರೂದಿಲ್ರಿ."

"ತುಂಬಲಿಲ್ಲಂದ್ರ?"

"ಈಗ ಅದಕ್ಕ ನಿಮ್ಮನಿ ದಾರಿ ಗೊತ್ತಾಗೈತ್ರಿ."

ಯಂಕಣ್ಣ ಕಡ್ಡಿಯನ್ನು ಬಾಯಿಂದ ತೆಗೆದ. ಹೆಂಡತಿಯ ಮುಖ ನೋಡಿದ. ಒಳಗೆ ಸಣ್ಣ ಮಗ "ನಾಯಿ ಬಂತೇನಪ್ಪಾ? ಭಂಡಾರದ ನಾಯಿ?" ಎಂದು ಹಾಸಿಗೆಯಿಂದಲೇ ಕೇಳುತ್ತಿದ್ದ.

"ಗಡಿಗಿ ಇತ್ತ ತಾ" ಎಂದಳು ಶಾಂತಕ್ಕ, ಕನ್ನಡದಲ್ಲಿ.

ಎರಡನೆಯ ಮನೆಯಲ್ಲಿ ನಾಚಿಕೆ ನಿಜವಾಗಿಯೂ ಸ್ವಲ್ಪ ಕಡಿಮೆಯಾಯಿತು. ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಕೊಟ್ಟರು. ಯಂಕಣ್ಣನ ಮನೆಯವರು ಕೊಟ್ಟರೆಂದು ಗಾದಿಲಿಂಗಮ್ಮ ಅವರಿಗಿಂತ ಒಂದು ರೊಟ್ಟಿ ಹೆಚ್ಚು ಹಾಕಿದಳು. ಪಕ್ಕದ ಮುದುಕಿಯೊಬ್ಬಳು, ಒಕ್ಕಣ್ಣಿ ತನ್ನ ಕೋಳಿಗಳ ತಂಟೆಗೆ ಬರದಿದ್ದರೆ ಸಾಕೆಂದು ಮಜ್ಜಿಗೆ ಹೊಯ್ದಳು. ಧರ್ಮವಂತರು ಎಂದು ಮೇಷ್ಟ್ರು ಹೇಳಿದ್ದು ಇವರನ್ನೇ ಇರಬೇಕು ಎಂದುಕೊಂಡಳು ಹುಸೇನಮ್ಮ. ನೋಡುವುದಕ್ಕೆ ಊರಿನವರ ಹಾಗೆಯೇ ಇದ್ದರು.

ಮಾರೆಪ್ಪನ ಮನೆ ಬಂದಾಗ ಮಾತ್ರ ಅವಳು ತಲೆ ತಗ್ಗಿಸಿ ಬೇಗ ಬೇಗ ದಾಟತೊಡಗಿದಳು.

"ಏಯ್, ನಿಂದ್ರು!" ಕಟ್ಟೆಯ ಮೇಲೆ ಕೂತಿದ್ದ ಮಾರೆಪ್ಪ ಗುಡುಗಿದ. "ಬೇಡಾಕ ಬಂದಾಕಿ ಓಣ್ಯಾಗ ಒಂದು ಮನಿ ಬಿಟ್ಟು ಹೋಗ್ತಾಳೇನು? ಆ ಮನಿಗೆ ಒಳ್ಳೇದಾಗೂದಿಲ್ಲ. ನಿಮ್ಮ ತಾತ ಇಷ್ಟೂ ಹೇಳಿಕೊಟ್ಟಿಲ್ಲೇನು?"

"ನಿಮಗ ಸಿಟ್ಟು ಐತೇನೋ ಅಂತ..."

"ಸಿಟ್ಟು ಐತಿ. ಸಿಟ್ಟಿಗೂ ಕಟ್ಟಳಿಗೂ ಏನ್ ಸಂಬಂಧ? ಗಡಿಗಿ ಹಿಡಿ."

ಅವನು ಹಾಕಿದ ಮುದ್ದೆ ದೊಡ್ಡದಿತ್ತು. ಸಿಟ್ಟಿನಲ್ಲಿ ಕೈ ತಪ್ಪಿರಬೇಕು.

ಹುಸೇನಮ್ಮ ಮನೆಗೆ ಬಂದಾಗ ಬಂಡಿ ಬಾಗಿಲಲ್ಲಿ ನಿಂತಿತ್ತು. ಬಂಟನನ್ನು ಕೂರಿಸಲು ಚಿನ್ನಪ್ಪ ಹತ್ತಿಯ ಮೂಟೆಗಳ ನಡುವೆ ಗೋಣಿಚೀಲ ಹಾಸಿದ್ದ. ಅವ್ವ ಬಂಟನ ಕೊರಳಿಗೆ ಹಗ್ಗ ಕಟ್ಟುತ್ತಿದ್ದಳು. ಗಂಟು ಸರಿಯಾಗಿ ಬೀಳುತ್ತಿರಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದಳು.

ಹುಸೇನಮ್ಮ ಗಡಿಗೆಯನ್ನು ಅವಳ ಮುಂದಿಟ್ಟಳು.

ಜಯಕ್ಕ ಗಡಿಗೆಯೊಳಗೆ ನೋಡಿದಳು. "ಎಲ್ಲಿಂದ?"

"ಕೇಳಿದೆ."

"ಯಾರ ಮನ್ಯಾಗ?"

"ಎಲ್ಲಾರ ಮನ್ಯಾಗ. ಯಂಕಣ್ಣನ ಮನ್ಯಾಗೂ." ಹುಸೇನಮ್ಮ ಗಡಿಗೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿ ಹೇಳಿದಳು: "ಇನ್ನ ಮ್ಯಾಲ ಬುಟ್ಟಿಗೆ ಕೈ ಹಾಕೂದಿಲ್ಲವ್ವಾ. ನೀ ರೊಟ್ಟಿ ಉಣ್ಣು. ಅಂಬಲಿ ನೀರು ಕುಡೀಬ್ಯಾಡ."

ಜಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ಇನ್ನೂ ಅಷ್ಟು ಏರಿರಲಿಲ್ಲ. ಆಮೇಲೆ ಬಂಟನ ಕೊರಳಿನ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಬಂಡಿಗೆ ಎಸೆದಳು.

"ನೀ ಹೋಗಪ್ಪಾ ಚಿನ್ನಪ್ಪ. ಹತ್ತಿ ಇಳಿಸಿ ಬಾ."

"ನಾಯಿ?"

"ಹತ್ತಿ ಇಳಿಸಿ ಬಾ ಅಂದೆ."

ಚಿನ್ನಪ್ಪ ಹೋದ. ಮರುದಿನ ಸಂಜೆ ತಿರುಗಿ ಬಂದ. ಖಾಲಿ ಬಂಡಿಯಲ್ಲಿ ಗೋಣಿಚೀಲದ ಮೇಲೆ ಕಾಲು ಊದಿದ ಕತ್ತೆಮರಿಯೊಂದು ನಿಂತಿತ್ತು.

"ಹತ್ತಿ ಮಾರ್ಕೆಟ್ಟಿನಾಗ ಒಂದ ನಿಂತಿತ್ತಕ್ಕಾ" ಎಂದ. "ಯಾರದಂತ ಯಾರಿಗೂ ಗೊತ್ತಿಲ್ಲ. ನಮ್ಮೂರಾಗ ಸತ್ರ ಐತಲ್ಲ ಅಂತ ಹಾಕ್ಕೊಂಡು ಬಂದೆ."

ಜಯಕ್ಕ ಕತ್ತೆಮರಿಯನ್ನೂ ಚಿನ್ನಪ್ಪನನ್ನೂ ಒಂದೇ ನೋಟದಲ್ಲಿ ನೋಡಿದಳು. ಆದರೆ ದೊಡ್ಡಿಯ ಬಾಗಿಲು ತೆಗೆದವಳು ಅವಳೇ.

ಮುಂದಿನ ಆದಿತ್ಯವಾರ ಯಂಕಣ್ಣನ ಅಂಗಳದಲ್ಲಿ ಪಕೀರಪ್ಪ ತಾತ ಒಬ್ಬನೇ ಕೂತು ಸೇವೆ ಮಾಡಿದ. ಹುಸೇನಮ್ಮ ಗಡಿಗೆ ಹಿಡಿದು ಬೇಲಿಯ ಹೊರಗೆ ನಿಂತಿದ್ದಳು. ದೊಡ್ಡಿಯಲ್ಲಿ ಎಲ್ಲರೂ ಕಾಯುತ್ತಿದ್ದರು. ಗಡಿಗೆ ತುಂಬಿ ಆಗಲೇ ಎಷ್ಟೋ ಹೊತ್ತಾಗಿತ್ತು. ಆದರೂ ಅವಳು ಹೊರಡಲಿಲ್ಲ. ತಾತ ಕೊನೆಯ ಬಾಳೆಹಣ್ಣಿನ ಚೂರು ನುಂಗಿ, ದೋಣಿಯ ತಳ ನೆಕ್ಕಿ, ತಲೆ ಎತ್ತುವ ತನಕ ನೋಡುತ್ತ ನಿಂತಳು. ಆಮೇಲೆ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು.

ಮಳೆ ಬಿದ್ದ ಮೇಲೆ ಅಪ್ಪ ಹನುಮಣ್ಣ ಹಿಂಡನ್ನು ಹೊಡೆದುಕೊಂಡು ನಾಗಲದಿನ್ನೆಯಿಂದ ಬಂದ. ದೊಡ್ಡಿಯಲ್ಲಿ ನಾಲ್ಕು ನಾಯಿ, ಎರಡು ಬೆಕ್ಕು, ಒಂದು ಕತ್ತೆಮರಿ ಇದ್ದವು. ಕುರಿಗಳಿಗೆ ಪಕ್ಕದಲ್ಲಿ ಬೇರೆ ಬೇಲಿ ಹಾಕಬೇಕಾಯಿತು.